ಅಗ್ಗದ ಯುವ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್‌ನನ್ನು ಟ್ರೇಡ್‌ನಲ್ಲಿ ತರುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ, 2024ರ ಆಗಸ್ಟ್ ಕೊನೆಯ ವಾರದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಟೆನೆಸಿ ಟೈಟನ್ಸ್‌ನಿಂದ ಮಲಿಕ್ ವಿಲ್ಲಿಸ್ ಎಂಬ ಕ್ವಾರ್ಟರ್‌ಬ್ಯಾಕ್‌ರನ್ನು, ಅಂದರೆ ಚೆಂಡು ಎಸೆದು ತಂಡದ ದಾಳಿ ನಡೆಸುವ ಆಟಗಾರನನ್ನು, ಟ್ರೇಡ್‌ನಲ್ಲಿ (ತಂಡಗಳ ನಡುವಿನ ಅದಲುಬದಲಿನಲ್ಲಿ) ತರಿಸಿಕೊಂಡಿತು. ಪ್ರತಿಯಾಗಿ ಕೊಟ್ಟದ್ದು 2025ರ ಡ್ರಾಫ್ಟ್‌ನ ಏಳನೇ ಸುತ್ತಿನ ಒಂದು ಆಯ್ಕೆಯನ್ನು. ಡ್ರಾಫ್ಟ್ ಎಂದರೆ ಕಾಲೇಜಿನಿಂದ ಬರುವ ಹೊಸ ಆಟಗಾರರನ್ನು ತಂಡಗಳು ಪ್ರತಿ ವರ್ಷ ಸರದಿಯಂತೆ ಆರಿಸಿಕೊಳ್ಳುವ ಪ್ರಕ್ರಿಯೆ. ಏಳನೆಯದೇ ಕೊನೆಯ ಸುತ್ತು. ಅಲ್ಲಿ ಸಿಗುವ ಆಟಗಾರರಲ್ಲಿ ಹಲವರು ತಂಡದಲ್ಲಿ ಉಳಿಯುವುದೂ ಇಲ್ಲ. ವಿಲ್ಲಿಸ್ ಅದಕ್ಕೂ ಮುಂಚಿನ ಎರಡು ಋತುಗಳಲ್ಲಿ ಒಂದೂ ಟಚ್‌ಡೌನ್ ಪಾಸ್ (ಅಂಕ ತರುವ ಎಸೆತ) ಎಸೆದಿರಲಿಲ್ಲ. ಸೆಪ್ಟೆಂಬರ್ 6ರಂದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ನಡೆದ ಮೊದಲ ಪಂದ್ಯದಲ್ಲೇ ಪ್ಯಾಕರ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಲವ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಮುಂದಿನ ಎರಡು ಪಂದ್ಯಗಳನ್ನು ವಿಲ್ಲಿಸ್ ಆಡಿದರು, ಎರಡನ್ನೂ ಗೆದ್ದರು. ಎರಡನೆಯದು ಅವರನ್ನು ಬಿಟ್ಟುಕೊಟ್ಟ ಟೈಟನ್ಸ್ ವಿರುದ್ಧ, ಟೈಟನ್ಸ್‌ನದೇ ಊರಾದ ನ್ಯಾಶ್‌ವಿಲ್‌ನಲ್ಲಿ, 30-14ರ ಅಂತರದಲ್ಲಿ.

ಇದನ್ನು ಅದೃಷ್ಟವೆಂದು ಕರೆದವರು ಬಹಳ ಮಂದಿ. ನಾನು ಒಪ್ಪುವುದಿಲ್ಲ. ಈ ವ್ಯವಹಾರದಲ್ಲಿ ಸರಿಯಾದ ಒಪ್ಪಂದ, ಸರಿಯಾದ ದಿನ, ಸರಿಯಾದ ತರಬೇತುದಾರ ಮೂರೂ ಕೂಡಿಬಂದಿದ್ದವು, ಮತ್ತು ಮೂರನ್ನೂ ಲೆಕ್ಕ ಹಾಕಿ ಕೂಡಿಸಬಹುದು. ಎನ್‌ಎಫ್‌ಎಲ್‌ನ ಸುದ್ದಿಗಳನ್ನು ಹಿಂಬಾಲಿಸುವವರು, ಅದರಲ್ಲೂ ಅಮೆರಿಕದಲ್ಲಿ ನೆಲೆಸಿ ಒಂದು ತಂಡವನ್ನು ತಮ್ಮದೆಂದುಕೊಂಡಿರುವ ಕನ್ನಡಿಗರು, ತಂಡಕ್ಕೆ ಆಟಗಾರರನ್ನು ಆರಿಸಿ ತರುವ ಜನರಲ್ ಮ್ಯಾನೇಜರ್‌ನ ಕುರ್ಚಿಯಲ್ಲಿ ಕುಳಿತು ಯೋಚಿಸುವುದು ಹೇಗೆಂದು ಈ ಬರಹ ಹೇಳುತ್ತದೆ. ಇಲ್ಲಿ ಕೊಳ್ಳುವ ಸರಕು ತೋಳಿನ ಬಲವಲ್ಲ. ಅಗ್ಗದ ಒಪ್ಪಂದದಲ್ಲಿ ಇನ್ನೂ ಉಳಿದಿರುವ ವರ್ಷಗಳನ್ನು ನೀವು ಕೊಳ್ಳುತ್ತಿದ್ದೀರಿ.

ಮೊದಲ ಹಂತ: ಯಾವ ಕೆಲಸಕ್ಕೆ ಬೇಕು?

ಬ್ಯಾಕಪ್ ಎಂದರೆ ಎರಡು ಬೇರೆ ಬೇರೆ ಹುದ್ದೆಗಳು. ಮುಖ್ಯ ಆಟಗಾರ ಗಾಯಗೊಂಡಾಗ ಮೂರು ನಾಲ್ಕು ಪಂದ್ಯ ದಾಟಿಸಿಕೊಡುವವನು ಒಬ್ಬ. ಎರಡು ವರ್ಷ ಕಾದು ನೋಡಿ ಮುಂದೆ ತಂಡವನ್ನೇ ಒಪ್ಪಿಸಬಹುದಾದವನು ಇನ್ನೊಬ್ಬ. ನಿಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್‌ಗೆ ವಯಸ್ಸು ಇಪ್ಪತ್ತಾರಾಗಿದ್ದು ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದ್ದರೆ ನಿಮಗೆ ಬೇಕಾದದ್ದು ಮೊದಲನೆಯವನು, ಅವನಿಗೆ ದೊಡ್ಡ ಬೆಲೆ ಕೊಡಬೇಡಿ. ಮುಖ್ಯ ಆಟಗಾರನಿಗೆ ಮೂವತ್ತೇಳಾಗಿದ್ದರೆ ಲೆಕ್ಕ ಬೇರೆ. ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆಯೇ ಫೋನ್ ಎತ್ತಬೇಕು.

ಎರಡನೇ ಹಂತ: ಆಟಗಾರನಿಗಿಂತ ಮೊದಲು ಒಪ್ಪಂದವನ್ನು ಓದಿ

ಇಲ್ಲಿ ನಿಧಾನಿಸಬೇಕು, ಏಕೆಂದರೆ ಎಲ್ಲ ಲಾಭವೂ ಇಲ್ಲಿದೆ.

2011ರ ಕಾರ್ಮಿಕ ಒಪ್ಪಂದದಿಂದ ಈಚೆಗೆ ಡ್ರಾಫ್ಟ್ ಆದ ಪ್ರತಿಯೊಬ್ಬ ಹೊಸ ಆಟಗಾರನ ಒಪ್ಪಂದ ನಾಲ್ಕು ವರ್ಷದ್ದು. ಮೊತ್ತವನ್ನು ಹೆಚ್ಚುಕಡಿಮೆ ಆಯ್ಕೆಯ ಕ್ರಮಸಂಖ್ಯೆಯೇ ನಿರ್ಧರಿಸುತ್ತದೆ. ಮೊದಲ ಸುತ್ತಿನವರಿಗೆ ಮಾತ್ರ ಒಪ್ಪಂದವನ್ನು ಐದನೇ ವರ್ಷಕ್ಕೆ ವಿಸ್ತರಿಸುವ ಹಕ್ಕು ತಂಡದ ಕೈಯಲ್ಲಿರುತ್ತದೆ. ಡ್ರಾಫ್ಟ್ ಆಗದೆ ಬಂದವರ ಒಪ್ಪಂದ ಮೂರು ವರ್ಷ. ನಾಲ್ಕು, ಐದು, ಆರನೇ ಸುತ್ತಿನಲ್ಲಿ ಬಂದ ಕ್ವಾರ್ಟರ್‌ಬ್ಯಾಕ್‌ನ ಮೂಲ ವೇತನ ಲೀಗ್‌ನ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರುತ್ತದೆ. 2025ರಲ್ಲಿ ಎರಡು ಋತು ಮುಗಿಸಿದ ಆಟಗಾರನ ಕನಿಷ್ಠ ವೇತನ 10.3 ಲಕ್ಷ ಡಾಲರ್. ಆ ವರ್ಷ ಒಂದು ತಂಡದ ಸ್ಯಾಲರಿ ಕ್ಯಾಪ್, ಅಂದರೆ ಎಲ್ಲ ಆಟಗಾರರ ವೇತನಕ್ಕೆ ಹಾಕಿದ ಮಿತಿ, 27.92 ಕೋಟಿ ಡಾಲರ್. ಅನುಭವಿ ಬ್ಯಾಕಪ್‌ನ ದರ ಇದಕ್ಕೆ ಹೋಲಿಸಿದರೆ ಎಲ್ಲಿದೆ ನೋಡಿ: 2023ರಲ್ಲಿ ಜಾಕೋಬಿ ಬ್ರಿಸೆಟ್ ವಾಷಿಂಗ್ಟನ್ ತಂಡಕ್ಕೆ ಒಂದೇ ವರ್ಷಕ್ಕೆ 80 ಲಕ್ಷ ಡಾಲರ್‌ಗೆ ಹೋದರು; 2024ರಲ್ಲಿ ಗಾರ್ಡ್‌ನರ್ ಮಿನ್‌ಶ್ಯೂ ರೇಡರ್ಸ್ ಜೊತೆ ಎರಡು ವರ್ಷಕ್ಕೆ 2.5 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡರು. ಬ್ರಿಸೆಟ್‌ರ ದರಕ್ಕೂ ಆ ಕನಿಷ್ಠ ವೇತನಕ್ಕೂ ನಡುವೆ ಉಳಿಯುವ ಸುಮಾರು 70 ಲಕ್ಷ ಡಾಲರ್‌ನಲ್ಲಿ, ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿಗೆ ಒಬ್ಬ ಒಳ್ಳೆಯ ಗಾರ್ಡ್‌ನನ್ನು ತಂದು ಮುಖ್ಯ ಕ್ವಾರ್ಟರ್‌ಬ್ಯಾಕ್ ಗಾಯಗೊಳ್ಳದಂತೆಯೇ ನೋಡಿಕೊಳ್ಳಬಹುದು.

ಟ್ರೇಡ್‌ನಲ್ಲಿ ಇನ್ನೊಂದು ಲಾಭ ಅಡಗಿದೆ. ಸಹಿ ಹಾಕುವಾಗ ಕೊಟ್ಟ ಬೋನಸ್ ಹಣವನ್ನು ಕ್ಯಾಪ್ ಲೆಕ್ಕದಲ್ಲಿ ಒಪ್ಪಂದದ ವರ್ಷಗಳಿಗೆ ಸಮನಾಗಿ ಹಂಚಲಾಗುತ್ತದೆ. ಆಟಗಾರ ತಂಡ ಬದಲಿಸಿದಾಗ ಆ ಬೋನಸ್‌ನ ಉಳಿದ ಭಾಗ ಹಳೆಯ ತಂಡದ ತಲೆಯ ಮೇಲೆಯೇ ಉಳಿಯುತ್ತದೆ. ಹೊಸ ತಂಡ ಹೊರುವುದು ಮೂಲ ವೇತನ ಮತ್ತು ಇನ್ನೂ ಪಾವತಿಯಾಗದ ಬೋನಸ್‌ಗಳನ್ನು ಮಾತ್ರ. ಉದಾಹರಣೆಗೆ, ಒಬ್ಬನಿಗೆ 8 ಲಕ್ಷ ಡಾಲರ್ ಬೋನಸ್ ಕೊಟ್ಟಿದ್ದರೆ ವರ್ಷಕ್ಕೆ 2 ಲಕ್ಷದಂತೆ ಹಂಚಿಕೆಯಾಗುತ್ತದೆ. ಎರಡು ವರ್ಷದ ನಂತರ ಅವನನ್ನು ಮಾರಿದರೆ ಉಳಿದ 4 ಲಕ್ಷ ಮಾರಿದವರ ಲೆಕ್ಕಕ್ಕೆ. ಜೂನ್ 1ಕ್ಕೆ ಮುಂಚೆ ಮಾರಿದರೆ ಅಷ್ಟೂ ಅದೇ ವರ್ಷ ಬೀಳುತ್ತದೆ. ನಂತರವಾದರೆ ಆ ವರ್ಷದ ಪಾಲು ಆ ವರ್ಷಕ್ಕೆ, ಮಿಕ್ಕಿದ್ದು ಮುಂದಿನ ವರ್ಷಕ್ಕೆ. ಕೆಳ ಸುತ್ತಿನ ಆಟಗಾರರ ವಿಷಯದಲ್ಲಿ ಈ ಮೊತ್ತ ಸಣ್ಣದಾದ್ದರಿಂದ ಮಾರುವವರಿಗೂ ನೋವಿಲ್ಲ.

ಮೊದಲ ಸುತ್ತಿನಲ್ಲಿ ಬಂದು ಎಡವಿದವರ ವಿಷಯ ಹೀಗಲ್ಲ. ಅವರ ವೇತನ ದೊಡ್ಡದು, ಬಹುಪಾಲು ಖಾತರಿಯದ್ದು. 2024ರ ಏಪ್ರಿಲ್‌ನಲ್ಲಿ ಜೆಟ್ಸ್ ತಂಡ ಝ್ಯಾಕ್ ವಿಲ್ಸನ್‌ರನ್ನು ಡೆನ್ವರ್‌ಗೆ ಕಳಿಸಿದಾಗ ಅವರ ವೇತನದ ಒಂದು ಪಾಲನ್ನು ತಾನೇ ಹೊತ್ತುಕೊಂಡಿತು. ಅಂಥವರನ್ನು ಕೊಳ್ಳುವುದಾದರೆ ನೀವೂ ಇದನ್ನೇ ಕೇಳಬೇಕು. ಎರಡು ತಂಡಗಳ ನಡುವೆ ನೇರವಾಗಿ ಹಣ ಓಡಾಡುವಂತಿಲ್ಲ. ಮಾರುವ ತಂಡ ವೇತನದ ಭಾಗವನ್ನು ಮುಂಚಿತವಾಗಿ ಆಟಗಾರನಿಗೇ ಕೊಟ್ಟು ನಿಮ್ಮ ಹೊರೆ ಇಳಿಸಬಹುದು.

ಕೊನೆಯದಾಗಿ, ಎಷ್ಟು ವರ್ಷ ಉಳಿದಿದೆ? 2017ರ ಅಕ್ಟೋಬರ್ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ಎರಡನೇ ಸುತ್ತಿನ ಆಯ್ಕೆ ಕೊಟ್ಟು ಪೇಟ್ರಿಯಟ್ಸ್‌ನಿಂದ ಜಿಮ್ಮಿ ಗರಾಪಲೊರನ್ನು ತಂದಿತು. ಅವರು ಆಡಲಾರಂಭಿಸಿದ ಐದೂ ಪಂದ್ಯಗಳನ್ನು ತಂಡ ಗೆದ್ದಿತು. ಆದರೆ ಒಪ್ಪಂದದಲ್ಲಿ ಉಳಿದಿದ್ದದ್ದು ಅರ್ಧ ಋತು. 2018ರ ಫೆಬ್ರವರಿಯಲ್ಲಿ ಐದು ವರ್ಷಕ್ಕೆ 13.75 ಕೋಟಿ ಡಾಲರ್‌ಗೆ ಸಹಿ ಹಾಕಬೇಕಾಯಿತು. ಅದು ಮುಖ್ಯ ಕ್ವಾರ್ಟರ್‌ಬ್ಯಾಕ್‌ನ ಖರೀದಿ, ಅಗ್ಗದ ಬ್ಯಾಕಪ್‌ನ ಖರೀದಿಯಲ್ಲ. ಇದಕ್ಕೆ ಎದುರಾಗಿ 2025ರ ಏಪ್ರಿಲ್‌ನಲ್ಲಿ ಡಲ್ಲಾಸ್ ಕೌಬಾಯ್ಸ್ ಪೇಟ್ರಿಯಟ್ಸ್‌ನಿಂದ ತಂದ ಜೋ ಮಿಲ್ಟನ್‌ರನ್ನು ಇಟ್ಟು ನೋಡಿ. 2024ರ ಆರನೇ ಸುತ್ತಿನ ಆಟಗಾರ, ಒಪ್ಪಂದ 2027ರ ಋತುವಿನವರೆಗೆ. ಹುಟ್ಟಿದ ದಿನಾಂಕದ ಲೆಕ್ಕದಲ್ಲಿ ಆಗ ಅವರಿಗೆ 25, ಮಿಷಿಗನ್ ಮತ್ತು ಟೆನೆಸಿ ವಿಶ್ವವಿದ್ಯಾಲಯಗಳಲ್ಲಿ ಆರು ವರ್ಷ ಕಳೆದು ಬಂದವರು. ಆದರೂ ಈ ಮಾರುಕಟ್ಟೆಯಲ್ಲಿ ಅವರು ಯುವಕರೇ, ಏಕೆಂದರೆ ಮೂರು ವರ್ಷದ ಅಗ್ಗದ ವೇತನ ಬಾಕಿ ಇತ್ತು.

ಮೂರನೇ ಹಂತ: ಮಾರಲು ಕಾರಣವಿರುವವರನ್ನು ಹುಡುಕಿ

ಒಳ್ಳೆಯ ಯುವ ಬ್ಯಾಕಪ್‌ನನ್ನು ಯಾರೂ ಸುಮ್ಮನೆ ಮಾರುವುದಿಲ್ಲ. ಆ ತಂಡದಲ್ಲಿ ಏನಾದರೂ ಬದಲಾಗಿರಬೇಕು. ಡ್ರಾಫ್ಟ್‌ನಲ್ಲಿ ಮೊದಲ ಮೂರರೊಳಗಿನ ಆಯ್ಕೆ ಕೈಗೆ ಬಂದು ಹೊಸ ಕ್ವಾರ್ಟರ್‌ಬ್ಯಾಕ್ ಬರುವುದು ಖಚಿತವಾದಾಗ ಹಳಬ ಬೇಡವಾಗುತ್ತಾನೆ. 2024ರಲ್ಲಿ ವಾಷಿಂಗ್ಟನ್ ಬಳಿ ಎರಡನೇ ಆಯ್ಕೆ ಇತ್ತು, ಕ್ವಾರ್ಟರ್‌ಬ್ಯಾಕ್ ಜೇಡನ್ ಡ್ಯಾನಿಯಲ್ಸ್ ಬರುವವರಿದ್ದರು. ಹಿಂದಿನ ವರ್ಷ ಹದಿನೇಳೂ ಪಂದ್ಯ ಆಡಿದ್ದ ಸ್ಯಾಮ್ ಹೋವೆಲ್ ಮಾರ್ಚ್‌ನಲ್ಲೇ ಸಿಯಾಟಲ್‌ಗೆ ಹೋದರು. ಪೇಟ್ರಿಯಟ್ಸ್‌ಗೆ ಮುಖ್ಯ ಕ್ವಾರ್ಟರ್‌ಬ್ಯಾಕ್ ಆಗಿ ಡ್ರೇಕ್ ಮೇ ಸಿಕ್ಕಿದ್ದರಿಂದಲೇ ಮಿಲ್ಟನ್ ಮಾರಾಟಕ್ಕೆ ಬಂದರು. ಇನ್ನೊಂದು ಕಾರಣ ತರಬೇತುದಾರರ ಬದಲಾವಣೆ. ವಿಲ್ಲಿಸ್‌ರನ್ನು ಆರಿಸಿದ್ದ ಆಡಳಿತ ಟೈಟನ್ಸ್‌ನಲ್ಲಿ 2024ರ ಹೊತ್ತಿಗೆ ಉಳಿದಿರಲಿಲ್ಲ. ಹೊಸಬರಿಗೆ ಹಳಬರ ಆಯ್ಕೆಯ ಮೇಲೆ ಮಮತೆ ಇರುವುದಿಲ್ಲ, ಆ ಉದಾಸೀನವೇ ನಿಮಗೆ ಸಿಗುವ ರಿಯಾಯಿತಿ.

ಪ್ರತಿ ವರ್ಷ ಜನವರಿಯಲ್ಲಿ, ತರಬೇತುದಾರರು ಕೆಲಸ ಕಳೆದುಕೊಳ್ಳುವ ವಾರದಲ್ಲಿ, 32 ತಂಡಗಳ ಎರಡನೇ ಮತ್ತು ಮೂರನೇ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ಮಾಡಿ. ಪ್ರತಿ ಹೆಸರಿನ ಮುಂದೆ ಒಪ್ಪಂದ ಮುಗಿಯುವ ವರ್ಷ, ಆತನನ್ನು ಆರಿಸಿದ ವ್ಯಕ್ತಿ ಇನ್ನೂ ಅಲ್ಲಿದ್ದಾರೆಯೇ ಎಂಬುದು, ಆ ತಂಡದ ಡ್ರಾಫ್ಟ್ ಸ್ಥಾನ ಬರೆಯಿರಿ. ಕರೆ ಮಾಡಬೇಕಾದ ಐದಾರು ಹೆಸರು ತಾವಾಗಿಯೇ ಎದ್ದು ಕಾಣುತ್ತವೆ.

ನಾಲ್ಕನೇ ಹಂತ: ಆಟ ನೋಡುವಾಗ ಏನನ್ನು ನೋಡಬೇಕು

ಬ್ಯಾಕಪ್‌ಗಳ ನಿಜವಾದ ಪಂದ್ಯದ ದೃಶ್ಯಗಳು ಕಡಿಮೆ. ಹಾಗಾಗಿ ಎಲ್ಲರೂ ಆಗಸ್ಟ್‌ನ ಅಭ್ಯಾಸ ಪಂದ್ಯಗಳಿಗೆ ಮುಗಿಬೀಳುತ್ತಾರೆ. ಆ ಪಂದ್ಯಗಳಲ್ಲಿ ಎದುರಾಳಿಗಳು ತಮ್ಮ ರಕ್ಷಣಾ ತಂತ್ರವನ್ನು ಮುಚ್ಚಿಟ್ಟು ಸರಳವಾಗಿ ಆಡುತ್ತಾರೆ. ಎದುರಿಗಿರುವವರಲ್ಲಿ ಅರ್ಧ ಮಂದಿ ವಾರದೊಳಗೆ ತಂಡದಿಂದ ಹೊರಬೀಳುವವರು. ಋತುವಿನ ಕೊನೆಯ ಪಂದ್ಯಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. 2025ರ ಜನವರಿಯಲ್ಲಿ ಮಿಲ್ಟನ್ ಬಫಲೊ ಬಿಲ್ಸ್ ವಿರುದ್ಧ 29 ಪಾಸ್‌ಗಳಲ್ಲಿ 22 ತಲುಪಿಸಿ 241 ಗಜ ಗಳಿಸಿದರು, ಒಂದು ಟಚ್‌ಡೌನ್ ಎಸೆದರು, ಒಂದನ್ನು ಓಡಿ ಗಳಿಸಿದರು. ಅಂಕಿಗಳು ಬೆರಗು ಹುಟ್ಟಿಸುತ್ತವೆ. ಆದರೆ ಪ್ಲೇಆಫ್‌ನಲ್ಲಿ ಬಿಲ್ಸ್‌ನ ಸ್ಥಾನ ಆಗಲೇ ನಿಗದಿಯಾಗಿತ್ತು, ಮುಖ್ಯ ಆಟಗಾರರಲ್ಲಿ ಹೆಚ್ಚಿನವರು ವಿಶ್ರಾಂತಿಯಲ್ಲಿದ್ದರು. ಅಂಥ ಪಂದ್ಯ ತೋಳು ಎಷ್ಟು ಬಲವಾಗಿದೆ ಎಂದು ಹೇಳುತ್ತದೆ, ತಲೆ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಎಂದು ಹೇಳುವುದಿಲ್ಲ.

ನಾನು ನೋಡುವುದು ಮೂರನೇ ಡೌನ್‌ನಲ್ಲಿ, ಅಂದರೆ ಹತ್ತು ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ, ಎಂಟು ಗಜಕ್ಕಿಂತ ಹೆಚ್ಚು ಬೇಕಿರುವ ಸನ್ನಿವೇಶಗಳನ್ನು. ಆಗ ರಕ್ಷಣಾ ಪಡೆ ಏನನ್ನೂ ಮುಚ್ಚಿಡುವುದಿಲ್ಲ, ಪಾಸ್ ಬರುತ್ತದೆಂದು ಮೈದಾನದಲ್ಲಿರುವ ಎಲ್ಲರಿಗೂ ಗೊತ್ತಿರುತ್ತದೆ. ಮೊದಲ ಗುರಿ ಮುಚ್ಚಿಹೋದಾಗ ಆತನ ಕಣ್ಣು ಎರಡನೆಯವನ ಕಡೆ ಹೊರಳುತ್ತದೆಯೇ, ಅಥವಾ ನೆಲದ ಕಡೆ ಇಳಿಯುತ್ತದೆಯೇ? ಚೆಂಡನ್ನು ಹೊರಗೆಸೆದು ಮುಂದಿನ ಅವಕಾಶಕ್ಕೆ ಕಾಯುವ ತಾಳ್ಮೆ ಇದೆಯೇ?

ಸ್ಯಾಕ್‌ಗಳ (ಪಾಸ್ ಎಸೆಯುವ ಮೊದಲೇ ಎದುರಾಳಿಗೆ ಸಿಕ್ಕಿಬೀಳುವುದರ) ಸಂಖ್ಯೆಯನ್ನು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಸಾಲಿನ ತಪ್ಪೆಂದು ತಳ್ಳಿಹಾಕಬೇಡಿ. ಹೋವೆಲ್ 2023ರಲ್ಲಿ 65 ಬಾರಿ ಸ್ಯಾಕ್ ಆದರು, 21 ಇಂಟರ್ಸೆಪ್ಷನ್ (ಎದುರಾಳಿಯ ಕೈ ಸೇರಿದ ಪಾಸ್) ಎಸೆದರು. ಎರಡರಲ್ಲೂ ಲೀಗ್‌ನಲ್ಲೇ ಮೊದಲು. ತಂಡ ದುರ್ಬಲವಾಗಿತ್ತು ನಿಜ, ಆದರೆ ಚೆಂಡನ್ನು ಹೆಚ್ಚು ಹೊತ್ತು ಹಿಡಿದಿಡುವ ಅಭ್ಯಾಸ ಆಟಗಾರನ ಜೊತೆಯಲ್ಲೇ ಹೊಸ ಊರಿಗೆ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ ಸಿಯಾಟಲ್ ಪರವಾಗಿ ಪ್ಯಾಕರ್ಸ್ ವಿರುದ್ಧ ಇಳಿದಾಗ ಅವರು 14ರಲ್ಲಿ 5 ಪಾಸ್ ತಲುಪಿಸಿ ಗಳಿಸಿದ್ದು 24 ಗಜ.

ಐದನೇ ಹಂತ: ಬೆಲೆ ಕಟ್ಟುವುದು

ಐಪಿಎಲ್‌ನಲ್ಲಿ 2023ರ ನವೆಂಬರ್‌ನಲ್ಲಿ ಆರ್‌ಸಿಬಿ ಪೂರ್ತಿ ಹಣ ಕೊಟ್ಟು ಮುಂಬೈ ಇಂಡಿಯನ್ಸ್‌ನಿಂದ ಕ್ಯಾಮರಾನ್ ಗ್ರೀನ್‌ರನ್ನು ತಂದಂಥ ವ್ಯವಹಾರ ಎನ್‌ಎಫ್‌ಎಲ್‌ನಲ್ಲಿ ಆಗುವುದಿಲ್ಲ. ಇಲ್ಲಿನ ನಾಣ್ಯ ಡ್ರಾಫ್ಟ್ ಆಯ್ಕೆ. ಅದಕ್ಕೆ ಮೌಲ್ಯ ಕಟ್ಟಲು 1990ರ ದಶಕದ ಆರಂಭದಲ್ಲಿ ಕೌಬಾಯ್ಸ್ ತಂಡದಲ್ಲಿ ಹುಟ್ಟಿ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಉಳಿದ ಅಂಕಪಟ್ಟಿ ಇಂದಿಗೂ ಒಂದು ಅಳತೆಗೋಲು. ಮೊದಲ ಆಯ್ಕೆಗೆ 3000 ಅಂಕ. ಐದನೇ ಸುತ್ತಿನ ಆಯ್ಕೆಗೆ ಸುಮಾರು 30. ತಂಡಗಳು ಈಗ ತಮ್ಮದೇ ಪಟ್ಟಿಗಳನ್ನು ಬಳಸುತ್ತವೆಯಾದರೂ ಹೋಲಿಕೆಗೆ ಇದು ಸಾಕು.

ಹೋವೆಲ್‌ಗಾಗಿ ಸಿಯಾಟಲ್ 78ನೇ ಮತ್ತು 152ನೇ ಆಯ್ಕೆ ಕೊಟ್ಟಿತು. ಹೋವೆಲ್ ಜೊತೆ 102 ಮತ್ತು 179 ವಾಪಸ್ ಪಡೆಯಿತು. ಅಂಕಗಳನ್ನು ಕೂಡಿ ಕಳೆದರೆ ಮೂರನೇ ಸುತ್ತಿನ ಕೊನೆಯ ಒಂದು ಆಯ್ಕೆಯಷ್ಟು ಬೆಲೆ. ವರ್ಷ ಕಳೆಯುತ್ತಲೇ, 2025ರ ಏಪ್ರಿಲ್‌ನಲ್ಲಿ, ಸಿಯಾಟಲ್ ಅವರನ್ನು ಮಿನೆಸೋಟಾಗೆ ಕೊಟ್ಟು ಪಡೆದದ್ದು 172ರಿಂದ 142ಕ್ಕೆ ಏರುವ ಅವಕಾಶ ಮಾತ್ರ. ಆಗಸ್ಟ್‌ನಲ್ಲಿ ಅವರು ಮತ್ತೆ ಕೈಬದಲಾಗಿ ಫಿಲಡೆಲ್ಫಿಯಾ ಸೇರಿದರು. ಮೂರನೇ ಸುತ್ತಿನ ಮೌಲ್ಯ ಕೊಡುವುದು ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಬೆಲೆಗೆ ನಾಲ್ಕು ವರ್ಷದ ಹೊಸ ಒಪ್ಪಂದವಿರುವ ಹೊಸ ಕ್ವಾರ್ಟರ್‌ಬ್ಯಾಕ್‌ನನ್ನೇ ಡ್ರಾಫ್ಟ್ ಮಾಡಬಹುದು.

ಮಿಲ್ಟನ್‌ಗೆ ಕೌಬಾಯ್ಸ್ ಕೊಟ್ಟದ್ದು 171ನೇ ಆಯ್ಕೆ. ಮಿಲ್ಟನ್ ಜೊತೆಗೆ 217 ಬಂತು. ಮಿನ್‌ಶ್ಯೂ 2021ರಲ್ಲಿ ಜಾಕ್ಸನ್‌ವಿಲ್‌ನಿಂದ ಫಿಲಡೆಲ್ಫಿಯಾಗೆ ಹೋದದ್ದು ಆಟಗಾರ ಆಡಿದಷ್ಟಕ್ಕೆ ತಕ್ಕಂತೆ ಬದಲಾಗಬಹುದಾದ ಷರತ್ತಿನ ಆರನೇ ಸುತ್ತಿನ ಆಯ್ಕೆಗೆ. ಮೂರನೇ ಆಯ್ಕೆಯಾಗಿ ಬಂದಿದ್ದ ಟ್ರೇ ಲ್ಯಾನ್ಸ್ 2023ರಲ್ಲಿ ಡಲ್ಲಾಸ್‌ಗೆ ನಾಲ್ಕನೇ ಸುತ್ತಿಗೆ ಸಿಕ್ಕರು. ಗಾಯದ ಕಾಲದಲ್ಲಿ ದಾಟಿಸಿಕೊಡುವವನಿಗೆ ಐದನೇ ಸುತ್ತಿನಿಂದ ಏಳನೇ ಸುತ್ತು, ಭವಿಷ್ಯದ ಭರವಸೆಗೆ ಹೆಚ್ಚೆಂದರೆ ನಾಲ್ಕನೆಯದು. ಮಾರುವವರು ಅದಕ್ಕಿಂತ ಹೆಚ್ಚು ಕೇಳಿದರೆ ಪಟ್ಟಿಯ ಮುಂದಿನ ಹೆಸರಿಗೆ ಕರೆ ಮಾಡಿ.

ಆರನೇ ಹಂತ: ದಿನವನ್ನು ಆರಿಸುವುದು

ಟ್ರೇಡ್‌ಗೆ ಮೂರು ಸುಗ್ಗಿಗಳು. ಮಾರ್ಚ್ ಮಧ್ಯದಲ್ಲಿ ಹೊಸ ಲೀಗ್ ವರ್ಷ ಆರಂಭವಾದಾಗ, ಆಗಸ್ಟ್ ಕೊನೆಯಲ್ಲಿ ತಂಡದ ಪಟ್ಟಿಯನ್ನು 53 ಆಟಗಾರರಿಗೆ ಇಳಿಸುವಾಗ, ಮತ್ತು ಋತುವಿನ ನಡುವಿನ ಗಡುವಿನಲ್ಲಿ. ಗಡುವು 2024ರಿಂದ ಒಂಬತ್ತನೇ ವಾರದ ನಂತರದ ಮಂಗಳವಾರಕ್ಕೆ ಸರಿದಿದೆ.

ಅಗ್ಗದ ಬ್ಯಾಕಪ್‌ಗೆ ಆಗಸ್ಟ್ ಕೊನೆಯೇ ಅತ್ಯುತ್ತಮ. ನಾಲ್ಕು ಪೂರ್ಣ ಋತು ಮುಗಿಸದ ಆಟಗಾರನನ್ನು ತಂಡ ಕೈಬಿಟ್ಟರೆ ಆತ ವೇವರ್ ಪಟ್ಟಿಗೆ ಹೋಗುತ್ತಾನೆ. ಹಿಂದಿನ ವರ್ಷ ಕಳಪೆಯಾಗಿ ಆಡಿದ ತಂಡಗಳಿಗೆ ಆತನನ್ನು ಎತ್ತಿಕೊಳ್ಳುವ ಮೊದಲ ಹಕ್ಕು. ಪ್ಯಾಕರ್ಸ್ ಹಿಂದಿನ ಋತುವಿನಲ್ಲಿ ಪ್ಲೇಆಫ್‌ನ ಎರಡನೇ ಹಂತದವರೆಗೆ ಹೋಗಿದ್ದ ತಂಡ. 2024ರ ಡ್ರಾಫ್ಟ್‌ನಲ್ಲಿ ಅದರ ಸರದಿ 25ನೆಯದು. ವಿಲ್ಲಿಸ್ ವೇವರ್‌ಗೆ ಬರಲಿ ಎಂದು ಕಾದಿದ್ದರೆ ಸುಮಾರು ಎರಡು ಡಜನ್ ತಂಡಗಳು ಮುಂದೆ ನಿಂತಿರುತ್ತಿದ್ದವು. ಏಳನೇ ಸುತ್ತಿನ ಆ ಆಯ್ಕೆ ಸರದಿ ತಪ್ಪಿಸಿ ಮುಂದೆ ಹೋಗಲು ಕೊಟ್ಟ ಬೆಲೆ. ಅದೇ ವಾರ ಪ್ಯಾಕರ್ಸ್‌ನವರು ತಾವೇ ಡ್ರಾಫ್ಟ್ ಮಾಡಿದ್ದ ಕ್ವಾರ್ಟರ್‌ಬ್ಯಾಕ್‌ಗಳಾದ ಶಾನ್ ಕ್ಲಿಫರ್ಡ್ ಮತ್ತು ಮೈಕೆಲ್ ಪ್ರ್ಯಾಟ್ ಇಬ್ಬರನ್ನೂ ಕೈಬಿಟ್ಟರು. ಸ್ವಂತ ಆಯ್ಕೆಯ ಮೇಲಿನ ಮೋಹವನ್ನು ಬಿಡುವ ಈ ಧೈರ್ಯವನ್ನು ನಾನು ಬಹಳ ಮೆಚ್ಚುತ್ತೇನೆ.

ಗಾಯವಾದ ಮೇಲೆ ಕೊಳ್ಳಲು ಹೊರಟರೆ ಯುವಕರು ಸಿಗುವುದು ಕಷ್ಟ. 2025ರಲ್ಲಿ ಸಿನ್ಸಿನಾಟಿಯ ಮುಖ್ಯ ಕ್ವಾರ್ಟರ್‌ಬ್ಯಾಕ್ ಜೋ ಬರೋ ಎರಡನೇ ವಾರದಲ್ಲೇ ಕಾಲ್ಬೆರಳಿನ ಗಾಯದಿಂದ ಹೊರಗುಳಿದರು. ಸಿನ್ಸಿನಾಟಿ ಅಕ್ಟೋಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಿಂದ ತಂದದ್ದು ನಲವತ್ತರ ಜೋ ಫ್ಲಾಕೊರನ್ನು. ಆಟಗಾರ ಒಳ್ಳೆಯವರೇ, ಆದರೆ ಆಗ ಮಾರುಕಟ್ಟೆಯಲ್ಲಿ ಉಳಿದಿರುವುದು ಅಂಥವರು.

ಏಳನೇ ಹಂತ: ಷರತ್ತು ಮತ್ತು ಕಾಗದ

ಬೆಲೆಯ ಬಗ್ಗೆ ಒಮ್ಮತ ಬಾರದಿದ್ದರೆ ಷರತ್ತಿನ ಆಯ್ಕೆಯನ್ನು ಮುಂದಿಡಿ. 2024ರಲ್ಲಿ ಜಸ್ಟಿನ್ ಫೀಲ್ಡ್ಸ್‌ಗಾಗಿ ಪಿಟ್ಸ್‌ಬರ್ಗ್ ಒಪ್ಪಿದ್ದು ಆರನೇ ಸುತ್ತಿನ ಆಯ್ಕೆಗೆ, ತಂಡದ ದಾಳಿಯ ಆಟಗಳಲ್ಲಿ ಶೇ. 51ರಷ್ಟರಲ್ಲಿ ಅವರು ಆಡಿದ್ದರೆ ಅದು ನಾಲ್ಕನೇ ಸುತ್ತಿಗೆ ಏರುತ್ತಿತ್ತು. ಆರು ಪಂದ್ಯ ಆರಂಭಿಸಿ ನಾಲ್ಕು ಗೆದ್ದರೂ ಆ ಮಿತಿ ಮುಟ್ಟಲಿಲ್ಲ, ಆಯ್ಕೆ ಆರನೇ ಸುತ್ತಿನದಾಗಿಯೇ ಉಳಿಯಿತು. ಬ್ಯಾಕಪ್‌ಗೆ ಇದಕ್ಕಿಂತ ನ್ಯಾಯವಾದ ಬಗೆ ಇಲ್ಲ: ಆಡಿದರೆ ಹೆಚ್ಚು, ಆಡದಿದ್ದರೆ ಕಡಿಮೆ.

ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಬೇಕೆಂಬ ಷರತ್ತು ಇದ್ದೇ ಇರುತ್ತದೆ. ಕಾಗದಗಳು ಗಡುವಿನೊಳಗೆ ಲೀಗ್ ಕಚೇರಿ ತಲುಪಲೇಬೇಕು. 2017ರ ಅಕ್ಟೋಬರ್ 31ರಂದು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎರಡನೇ ಮತ್ತು ಮೂರನೇ ಸುತ್ತಿನ ಆಯ್ಕೆ ಕೊಟ್ಟು ಸಿನ್ಸಿನಾಟಿಯಿಂದ ಎ.ಜೆ. ಮೆಕ್ಯಾರನ್‌ರನ್ನು ತರಲು ಮಾತಾಡಿ ಮುಗಿಸಿತ್ತು. ಸಂಜೆ 4 ಗಂಟೆಯ ಗಡುವಿನೊಳಗೆ ಸರಿಯಾದ ಕಾಗದ ಲೀಗ್‌ಗೆ ಮುಟ್ಟಲಿಲ್ಲ, ವ್ಯವಹಾರ ಅಲ್ಲಿಗೇ ಬಿದ್ದುಹೋಯಿತು.

ಎಂಟನೇ ಹಂತ: ಬಂದವನಿಗೆ ತಕ್ಕ ಆಟ

ಹೆಚ್ಚಿನ ತಂಡಗಳು ಎಡವುವುದು ಇಲ್ಲಿ. ಮುಖ್ಯ ಕ್ವಾರ್ಟರ್‌ಬ್ಯಾಕ್‌ಗಾಗಿ ಬರೆದ ಆಟದ ಯೋಜನೆಗಳ ದಪ್ಪ ಪುಸ್ತಕವನ್ನು ಹೊಸಬನ ಕೈಗಿಟ್ಟು ಓದಿಕೋ ಎನ್ನುತ್ತಾರೆ. ಪ್ಯಾಕರ್ಸ್‌ನ ಮುಖ್ಯ ತರಬೇತುದಾರ ಮ್ಯಾಟ್ ಲಫ್ಲರ್ ಹಾಗೆ ಮಾಡಲಿಲ್ಲ. ಇಂಡಿಯಾನಾಪೊಲಿಸ್ ವಿರುದ್ಧದ ವಿಲ್ಲಿಸ್‌ರ ಮೊದಲ ಪಂದ್ಯದಲ್ಲಿ ತಂಡ 53 ಬಾರಿ ಓಡಿ 261 ಗಜ ಗಳಿಸಿತು. ವಿಲ್ಲಿಸ್ ಎಸೆದದ್ದು 14 ಪಾಸ್, ತಲುಪಿದ್ದು 12. ತಂಡ ಸೇರಿ ಮೂರು ವಾರವಾಗಿದ್ದ ಆಟಗಾರನಿಗೆ ಅಷ್ಟು ಸಾಕಾಗಿತ್ತು. ಮುಂದಿನ ವಾರ ಟೈಟನ್ಸ್ ವಿರುದ್ಧ ಪಾಸ್‌ಗಳ ಸಂಖ್ಯೆ 19ಕ್ಕೆ ಏರಿತು, ಗಜಗಳು 202ಕ್ಕೆ. ಜೊತೆಗೆ ಅವರು ತಾವೇ ಓಡಿ 73 ಗಜ ಸೇರಿಸಿದರು. ಗೊತ್ತಿದ್ದಷ್ಟನ್ನು ಆಡಿಸಿ, ವಾರವಾರ ಸ್ವಲ್ಪ ಹೆಚ್ಚಿಸುವುದು ಕ್ರಮ.

ತುರ್ತಿನಲ್ಲಿ ಇನ್ನೂ ಒಂದು ನೆರವಿದೆ. ತರಬೇತುದಾರರ ಧ್ವನಿ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್‌ನಲ್ಲಿ, ಆಟ ಆರಂಭಿಸಲು ಉಳಿದ ಸಮಯ ತೋರಿಸುವ ಗಡಿಯಾರ 15 ಸೆಕೆಂಡಿಗೆ ಇಳಿಯುವವರೆಗೂ ಕೇಳುತ್ತದೆ. 2023ರ ಅಕ್ಟೋಬರ್ 31ರಂದು ಮಿನೆಸೋಟಾ ಸೇರಿದ ಜೋಶ್ ಡಾಬ್ಸ್ ನವೆಂಬರ್ 5ರಂದು ಅಟ್ಲಾಂಟಾ ವಿರುದ್ಧ ಅನಿರೀಕ್ಷಿತವಾಗಿ ಇಳಿಯಬೇಕಾಯಿತು. ಮುಖ್ಯ ತರಬೇತುದಾರ ಕೆವಿನ್ ಒಕಾನಲ್ ಪ್ರತಿ ಆಟವನ್ನೂ ಕಿವಿಯಲ್ಲಿ ವಿವರಿಸಿ ಹೇಳುತ್ತ ಹೋದರು, ತಂಡ 31-28ರಲ್ಲಿ ಗೆದ್ದಿತು. ಮೂರು ವಾರದ ನಂತರ ಶಿಕಾಗೋ ವಿರುದ್ಧ ಅದೇ ಡಾಬ್ಸ್ ನಾಲ್ಕು ಇಂಟರ್ಸೆಪ್ಷನ್ ಎಸೆದರು. ಎದುರಾಳಿಗಳ ಕೈಗೆ ದೃಶ್ಯಗಳು ಸಿಕ್ಕ ಮೇಲೆ ಸರಳ ಆಟ ಸಾಲದು. ನಾಲ್ಕನೇ ಪಂದ್ಯದ ಹೊತ್ತಿಗೆ ಹೊಸ ಪುಟಗಳು ಸಿದ್ಧವಾಗಿರಬೇಕು.

ಒಂಬತ್ತನೇ ಹಂತ: ಕೊನೆಯ ವರ್ಷಕ್ಕೆ ಮುಂಚೆ

ಒಪ್ಪಂದ ಮುಗಿಯಲು ಒಂದು ವರ್ಷವಿರುವಾಗ ಮೂರು ದಾರಿಗಳಿರುತ್ತವೆ. ಆತ ಚೆನ್ನಾಗಿ ಆಡಿದ್ದರೆ ಆಗಸ್ಟ್‌ನಲ್ಲಿ ಬೇರೆ ತಂಡದ ಆತುರಕ್ಕೆ ಮಾರಬಹುದು. ಉಳಿಸಿಕೊಂಡು, ಒಪ್ಪಂದ ಮುಗಿದ ಮೇಲೆ ದೊಡ್ಡ ಮೊತ್ತಕ್ಕೆ ಬೇರೆಡೆ ಹೋಗಲು ಬಿಟ್ಟರೆ ಲೀಗ್ ಪರಿಹಾರವಾಗಿ ಡ್ರಾಫ್ಟ್ ಆಯ್ಕೆ ಕೊಡುವ ಸಾಧ್ಯತೆ ಇದೆ. ಆದರೆ ಅದೇ ಬೇಸಿಗೆಯಲ್ಲಿ ನೀವು ಹೊರಗಿನಿಂದ ದುಬಾರಿ ಆಟಗಾರರನ್ನು ತಂದಿದ್ದರೆ ಆ ಪರಿಹಾರ ರದ್ದಾಗುತ್ತದೆ. ಸಾಧಾರಣವಾಗಿ ಆಡಿದ್ದರೆ ಒಪ್ಪಂದ ಮುಗಿಯಲು ಬಿಡಿ, ಅನುಭವಿಯ ದರಕ್ಕೆ ಉಳಿಸಿಕೊಳ್ಳಬೇಡಿ. ಮೂರರಲ್ಲಿ ಯಾವುದನ್ನು ಆರಿಸಿದರೂ ಆ ವರ್ಷದ ಡ್ರಾಫ್ಟ್‌ನ ಐದನೇ ಅಥವಾ ಆರನೇ ಸುತ್ತಿನಲ್ಲಿ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿ ಒಂದು ಋತು ಆತನ ಹಿಂದೆ ಕೂರಿಸಿ, ಮತ್ತು ಜನವರಿಯ 32 ತಂಡಗಳ ಪಟ್ಟಿಯನ್ನು ಮರೆಯದೆ ಹೊಸದಾಗಿ ಬರೆಯಿರಿ.